ಮಗನಿಗೆ ಕ್ರಿಕೆಟ್, ಸಿನಿಮಾ ಹುಚ್ಚು. ಸೆಕೆಂಡ್ ಪಿಯುಸಿ ಹಾಳಾಗುತ್ತದಾ?

ಮಗ ಸೆಕೆಂಡ್ ಪಿಯುಸಿ ಸೈನ್ಸ್. ಕೈಯಲ್ಲಿ ಯಾವಾಗ ನೋಡಿದರೂ ಐಪಿಎಲ್, ಇಲ್ಲವೇ ಸಿನಿಮಾ ಹಾಡು. ಫೋನ್ ಕಿತ್ತುಕೊಳ್ಳಲೋ, ಹಾಸ್ಟೆಲ್‌ಗೆ ಹಾಕಲೋ, ಒಂದು ವರ್ಷ ಹೋದರೆ ಎಲ್ಲ ಮುಗಿಯಿತಲ್ವಾ ಎಂದು ಕೇಳಿದ್ದೀರಿ. ಆ ಮಗ ನಾನೇ. ಇಸವಿ ಮಾತ್ರ 1996.

ನಮ್ಮೂರು ಕುಮಟಾ ತಾಲ್ಲೂಕಿನ ಕತಗಾಲದ ಹತ್ತಿರ. ಕುಮಟಾದಿಂದ ಶಿರಸಿಗೆ ಹೋಗುವಾಗ ದೇವಿಮನೆ ಘಟ್ಟ ಹತ್ತುವ ಮೊದಲು ಸಿಗುತ್ತದೆ. ಸುತ್ತ ಗುಡ್ಡ, ಕೆಳಗೆ ಅಡಿಕೆ ತೋಟ. ದೂರದರ್ಶನಕ್ಕೆ ನಮ್ಮೂರು ಇದೆ ಎಂಬುದೇ ಗೊತ್ತಿರಲಿಲ್ಲವೋ ಏನೋ. ಆಂಟೆನಾವನ್ನು ಗುಡ್ಡದ ಮೇಲೆ ಅಡಿಕೆ ಮರದ ಕಂಬಕ್ಕೆ ಕಟ್ಟಿದ್ದೆವು. ವೈರು ತೋಟ ದಾಟಿ ಮನೆಗೆ ಬರುತ್ತಿತ್ತು. ಮಂಗ ವೈರು ಹಿಡಿದು ಜೋತಾಡಿದರೆ ಅವತ್ತಿನ ಕಾರ್ಯಕ್ರಮ ಬಂದ್. ಗುಡ್ಡ ಹತ್ತಿ ಕಂಬ ತಿರುಗಿಸುವ ಕೆಲಸ ನನ್ನದು. ಓದುವ ಹುಡುಗನಿಗೆ ಮನೆಯಲ್ಲಿ ಬೇರೆ ಕೆಲಸ ಹೇಳುತ್ತಿರಲಿಲ್ಲ. ಇದನ್ನು ಮಾತ್ರ ನಾನೇ ಕೇಳಿ ಇಟ್ಟುಕೊಂಡಿದ್ದೆ.

ಆಗಿನ ಕೆಲವು ಟಿವಿಗಳಿಗೆ ಮರದ ಪೆಟ್ಟಿಗೆ, ಅದಕ್ಕೆ ಎಳೆದು ಮುಚ್ಚುವ ಬಾಗಿಲು, ಬಾಗಿಲಿಗೆ ಬೀಗ ಇರುತ್ತಿತ್ತು. ನಮ್ಮದೂ ಅಂಥದ್ದೇ. ವಿಶ್ವಕಪ್ ಶುರುವಾಗುವ ಹೊತ್ತಿಗೆ ಅಪ್ಪಯ್ಯ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. 'ಟಿವಿ ಇದ್ರೆ ಮಾಣಿ ಓದ್ತ್ನಿಲ್ಲೆ' ಎಂದರು. ಆಯಿ ಏನೂ ಹೇಳಲಿಲ್ಲ.

ಬೀಗ ಹಾಕಿದ್ದರಿಂದ ಏನಾಯಿತು ಕೇಳಿ. ಮನೆಯಲ್ಲಿ ಕೂತು ನೋಡಬಹುದಾಗಿದ್ದ ಮ್ಯಾಚನ್ನು ಹಳ್ಳ ದಾಟಿ ಬೇರೆಯವರ ಮನೆಯಲ್ಲಿ ನೋಡಿದೆ. ಮಾರ್ಚ್ 9, ಬೆಂಗಳೂರಿನಲ್ಲಿ ಪಾಕಿಸ್ತಾನದ ಜೊತೆ ಕ್ವಾರ್ಟರ್ ಫೈನಲ್. ಡೇ ನೈಟ್ ಮ್ಯಾಚ್. ಸಿಧು 93 ಹೊಡೆದ. ಕೊನೆಯಲ್ಲಿ ಅಜಯ್ ಜಡೇಜ ವಕಾರ್ ಯೂನಿಸ್‌ನನ್ನು ಹಿಡಿದು ಬಡಿದ. ಆಮೇಲೆ ಆಮಿರ್ ಸೊಹೈಲ್ ಒಂದು ಫೋರ್ ಹೊಡೆದು, ಬ್ಯಾಟ್ ಎತ್ತಿ ಬೌಂಡರಿ ಕಡೆ ತೋರಿಸಿ, ವೆಂಕಟೇಶ್ ಪ್ರಸಾದ್‌ಗೆ ಏನೋ ಅಂದ. ಮುಂದಿನ ಬಾಲಿಗೇ ಸ್ಟಂಪ್ ಹಾರಿತು. ಆ ಮನೆಯ ಅಜ್ಜನಿಗೆ ಕ್ರಿಕೆಟ್ ಗೊತ್ತಿಲ್ಲ. ನಾವೆಲ್ಲ ಕುಣಿಯುವುದು ನೋಡಿ, ಆ ಮಾಣಿ ನಮ್ಮ ಕಡೆಯವನಾ ಎಂದು ಕೇಳಿದರು. ಹೌದಜ್ಜ, ನಮ್ಮವನೇ ಎಂದೆವು. ಪ್ರಸಾದ್, ಕುಂಬ್ಳೆ, ಶ್ರೀನಾಥ್, ಮೂವರೂ ನಮ್ಮವರೇ. ಮನೆಗೆ ಬಂದಾಗ ಅಪ್ಪಯ್ಯ ಎಚ್ಚರವಾಗಿಯೇ ಇದ್ದರು. ಪಕ್ಕದಲ್ಲಿ ಟ್ರಾನ್ಸಿಸ್ಟರ್ ಇನ್ನೂ ಬಿಸಿಯಿತ್ತು. ಅದರ ಬಗ್ಗೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಕಲ್ಕತ್ತಾದಲ್ಲಿ ಸೋತ ಸೆಮಿಫೈನಲ್ ಬಗ್ಗೆ ಬರೆಯುವುದಿಲ್ಲ. ಬೇಕಿದ್ದವರು ಕಲ್ಕತ್ತಾದವರನ್ನು ಕೇಳಿ.

ಪರೀಕ್ಷೆ ಬರೆದೆ. ಗಣಿತದಲ್ಲಿ ಫೇಲ್. ಉಳಿದದ್ದೆಲ್ಲ ಪಾಸ್. ಮನೆಯಲ್ಲಿ, ನೆಂಟರಲ್ಲಿ, ಬಸ್ಸಿನಲ್ಲಿ ಒಂದೇ ತೀರ್ಪು: ಕ್ರಿಕೆಟ್ ನೋಡಿ ಫೇಲಾದ. ನಾನು ಹೌದು ಎಂದು ತಲೆಯಾಡಿಸಿದೆ. ನನ್ನ ವರ್ಷ ಹೋದದ್ದು ಕ್ರಿಕೆಟ್‌ನಿಂದಲ್ಲ, ಹಾಗೆ ತಲೆಯಾಡಿಸಿದ್ದರಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೇಸರವಾದರೂ ಓದಿ, ಯಾಕೆಂದರೆ ನಿಮ್ಮ ಮಗನ ವಿಷಯ ಇರುವುದು ಇಲ್ಲೇ.

ಎಸ್ಸೆಸ್ಸೆಲ್ಸಿವರೆಗೆ ನಾನು ಕನ್ನಡ ಮೀಡಿಯಂ. ಪಿಯುಸಿ ಸೈನ್ಸ್ ಎಲ್ಲ ಇಂಗ್ಲಿಷಿನಲ್ಲಿ. ಮೊದಲ ವರ್ಷ ಹೇಗೋ ಉರು ಹೊಡೆದು ದಾಟಿದೆ. ಎರಡನೇ ವರ್ಷ ಚಳಿಗಾಲದಲ್ಲಿ ಅಡಿಕೆ ಕೊಯ್ಲು ಬಂತು. ಆಳು ಸಿಗಲಿಲ್ಲ ಎಂದು ಕೆಲವು ದಿನ ಕಾಲೇಜಿಗೆ ಹೋಗದೆ ಮನೆಯಲ್ಲಿ ಉಳಿದೆ. ನೋಡಿ, ಟಿವಿಗಾಗಿ ಅಲ್ಲ, ಅಡಿಕೆಗಾಗಿ. ಮತ್ತೆ ಹೋದಾಗ ಕ್ಲಾಸಿನಲ್ಲಿ ಇಂಟಿಗ್ರೇಷನ್, ಅಂದರೆ ಸಣ್ಣ ಸಣ್ಣ ಚೂರು ಕೂಡಿಸಿ ಒಟ್ಟು ಕಂಡುಹಿಡಿಯುವ ಲೆಕ್ಕ, ಶುರುವಾಗಿಬಿಟ್ಟಿತ್ತು. ಬೋರ್ಡಿನ ಮೇಲೆ ಉದ್ದದ ಎಸ್ ಥರದ ಚಿಹ್ನೆ. ಅದು ಏನು ಎಂದು ಕೇಳಲು ನಾಚಿಕೆಯಾಯಿತು. ಎಲ್ಲರೂ ಬರೆದುಕೊಳ್ಳುತ್ತಿದ್ದರು. ನಾನೂ ಬರೆದುಕೊಂಡೆ.

ಗೆಳೆಯನ ನೋಟ್ಸ್ ಕೇಳಬಹುದಿತ್ತು. ಲೆಕ್ಚರರ್ ಒಳ್ಳೆಯವರು, ಅವರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ನಾಳೆ ನೋಡೋಣ ಎಂದು ಬಿಟ್ಟೆ. ಗಣಿತದಲ್ಲಿ ನಾಳೆ ಎಂಬುದು ಇಲ್ಲ. ಇಂಟಿಗ್ರೇಷನ್ ಬರದಿದ್ದರೆ ಅದರ ಮುಂದಿನ ಏರಿಯಾ ಲೆಕ್ಕ ಬರುವುದಿಲ್ಲ. ಡಿಫರೆನ್ಷಿಯಲ್ ಈಕ್ವೇಷನ್ ಬರುವುದಿಲ್ಲ. ಒಂದು ಪಾಠ ಹೋದದ್ದಲ್ಲ, ಪುಸ್ತಕದ ಹಿಂದಿನ ಅರ್ಧವೇ ಹೋಯಿತು. ಸೂತ್ರ ಎಲ್ಲ ಬಾಯಿಪಾಠ ಇತ್ತು. ಎರಡು ಫಂಕ್ಷನ್ ಗುಣಿಸಿ ಬಂದಾಗ ಬಳಸುವ ಬೈ ಪಾರ್ಟ್ಸ್ ಸೂತ್ರ ಈಗಲೂ ನಿದ್ದೆಯಲ್ಲಿ ಹೇಳುತ್ತೇನೆ. ಎರಡು ಫಂಕ್ಷನ್‌ಗಳಲ್ಲಿ ಯಾವುದನ್ನು ಮೊದಲನೆಯದು ಎಂದು ಹಿಡಿಯಬೇಕು ಎನ್ನುವುದೇ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಎಕ್ಸ್ ಇಂಟು ಇ ಪವರ್ ಎಕ್ಸ್ ಬಂದಿತ್ತು. ಎಕ್ಸನ್ನು ಮೊದಲು ಹಿಡಿದಿದ್ದರೆ ಎರಡೇ ಸಾಲಿನ ಲೆಕ್ಕ. ನಾನು ಉಲ್ಟಾ ಹಿಡಿದೆ. ಎಕ್ಸ್ ಇದ್ದದ್ದು ಎಕ್ಸ್ ಸ್ಕ್ವೇರ್ ಆಯಿತು. ಮತ್ತೆ ಮಾಡಿದೆ, ಕ್ಯೂಬ್ ಆಯಿತು. ಮಾಡಿದಷ್ಟೂ ಬೆಳೆಯುತ್ತ ಹೋಯಿತು. ಅದರಲ್ಲೇ ಹೊತ್ತು ಕಳೆದೆ.

ಇಷ್ಟೆಲ್ಲ ನನಗೆ ಗೊತ್ತಿತ್ತು. ಆದರೂ ಕ್ರಿಕೆಟ್ ಹುಚ್ಚು ಎಂದಾಗ ಒಪ್ಪಿಕೊಂಡೆ. ಯಾಕೆಂದರೆ ಅದು ಮರ್ಯಾದೆಯ ಕಾರಣ. ಹುಡುಗ ಬುದ್ಧಿವಂತನೇ, ಮನಸ್ಸು ಕೊಡಲಿಲ್ಲ ಅಷ್ಟೇ ಎಂದು ಎಲ್ಲರೂ ಹೇಳುತ್ತಾರೆ. ಪಾಠವೇ ಅರ್ಥವಾಗಿಲ್ಲ ಎಂದರೆ ದಡ್ಡ ಎನ್ನುತ್ತಾರೆ. ಹದಿನೇಳು ಹದಿನೆಂಟರ ಹುಡುಗ ಸೋಮಾರಿ ಎನಿಸಿಕೊಳ್ಳಲು ತಯಾರಿರುತ್ತಾನೆ, ದಡ್ಡ ಎನಿಸಿಕೊಳ್ಳಲು ಅಲ್ಲ. ನಿಮ್ಮ ಮಗನೂ ಇಷ್ಟೇ.

ಅಪ್ಪಯ್ಯ ಟಿವಿಯನ್ನೇ ತೆಗೆದು ಕುಮಟಾದ ಮಾವನ ಮನೆಗೆ ಸಾಗಿಸಿದರು. ಮನೆಯಲ್ಲಿ ಟಿವಿ ಇಲ್ಲ, ಕ್ರಿಕೆಟ್ ಇಲ್ಲ, ಶುಕ್ರವಾರದ ಚಿತ್ರಮಂಜರಿ ಇಲ್ಲ. ಪೂರಕ ಪರೀಕ್ಷೆ ಬರೆದು ಹೊರಗೆ ಬರುವಾಗಲೇ ಗೊತ್ತಾಯಿತು, ಇದೂ ಹೋಯಿತು. ಟಿವಿ ಕಾರಣವಾಗಿದ್ದರೆ ಈ ಸಲ ಪಾಸಾಗಬೇಕಿತ್ತಲ್ವಾ?

ಇನ್ನು ಆ ಹಾಳಾದ ವರ್ಷದ ಕಥೆ. ನನ್ನ ಜೀವನದ ಅತಿ ಒಳ್ಳೆಯ ವರ್ಷ ಯಾವುದು ಎಂದು ಯಾರಾದರೂ ಕೇಳಿದರೆ ಅದನ್ನೇ ಹೇಳುತ್ತೇನೆ.

ಜೂನ್ 1ಕ್ಕೆ ದೇವೇಗೌಡರು ಪ್ರಧಾನಿಯಾದರು. ಕನ್ನಡದವರೊಬ್ಬರು ದಿಲ್ಲಿಯಲ್ಲಿ ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅಪ್ಪಯ್ಯ ಅವರ ಪಕ್ಷದವರಲ್ಲ, ಆದರೂ ಪೇಪರಿನ ಫೋಟೊ ಕತ್ತರಿಸಿ ಇಟ್ಟರು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ರಾಹುಲ್ ದ್ರಾವಿಡ್ ಮೊದಲ ಟೆಸ್ಟಿನಲ್ಲಿ 95 ಹೊಡೆದ. ಗಂಗೂಲಿ ನೂರು ದಾಟಿದ, ಇವನು ದಾಟಲಿಲ್ಲ. ಆ ಐದು ರನ್ನಿನ ಬೇಸರ ನನಗೆ ಇನ್ನೂ ಹೋಗಿಲ್ಲ. ಅಟ್ಲಾಂಟಾದಲ್ಲಿ ಲಿಯಾಂಡರ್ ಪೇಸ್‌ಗೆ ಕಂಚು. ಶಿರಸಿ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವರ್ಷ ಅದೂ ಬಂದಿತ್ತು, ನಾಟಕ ಕಂಪನಿಗಳ ಸಮೇತ. ನಾನು ಪರೀಕ್ಷೆ ಎಂದು ಹೋಗಲಿಲ್ಲ. ಹೋಗಬೇಕಿತ್ತು, ಹೇಗೂ ಫೇಲಾದೆ.

ಆ ಮಳೆಗಾಲದ ಮೊದಲು ದೊಡ್ಡಪ್ಪನ ಮಗನ ಮದುವೆಯಾಗಿತ್ತು. ಅತ್ತಿಗೆ ಸಿದ್ದಾಪುರದ ಕಡೆಯವರು, ಬಿಎಸ್ಸಿ, ಅದೂ ಗಣಿತ. ಕ್ರಿಕೆಟ್ ನನಗಿಂತ ಜಾಸ್ತಿ ಗೊತ್ತು. ಅಕ್ಟೋಬರ್ 21ರ ರಾತ್ರಿ ಇಬ್ಬರೂ ಜಗಲಿಯಲ್ಲಿ ಟ್ರಾನ್ಸಿಸ್ಟರ್ ಹಿಡಿದು ಕೂತಿದ್ದೆವು. ಟೈಟಾನ್ ಕಪ್, ಬೆಂಗಳೂರಿನಲ್ಲಿ ಆಸ್ಟ್ರೇಲಿಯಾ ಜೊತೆ. ಬೇಕಾದದ್ದು 216. ಸಚಿನ್ 88 ಹೊಡೆದು ಔಟಾದಾಗ 164ಕ್ಕೆ ಎಂಟು ವಿಕೆಟ್. ಉಳಿದವರು ಬೌಲರ್‌ಗಳು. ನಾನು ಎದ್ದು ಹೊರಟೆ. ಅತ್ತಿಗೆ, ಕೂತ್ಕೋ, ಇನ್ನೂ ಮುಗಿದಿಲ್ಲೆ ಎಂದರು. ಶ್ರೀನಾಥ್, ಕುಂಬ್ಳೆ ಇಬ್ಬರೇ ನಿಂತು ಆಡಿ ಗೆಲ್ಲಿಸಿಬಿಟ್ಟರು.

ಗೆದ್ದ ಖುಷಿಯಲ್ಲೇ ಅತ್ತಿಗೆ ಕೇಳಿದರು, ನಿಂಗೆ ನಿಜವಾಗಿ ಎಂತ ಬತ್ತಿಲ್ಲೆ ಎಂದು. ಯಾಕೆ ಫೇಲಾದೆ ಎಂದು ಕೇಳಲಿಲ್ಲ. ಹಾಗೆ ಕೇಳಿದ್ದರೆ ಕ್ರಿಕೆಟ್ ಎಂದೇ ಹೇಳುತ್ತಿದ್ದೆ. ಎಂತ ಬತ್ತಿಲ್ಲೆ ಎಂದದ್ದಕ್ಕೆ ಇಂಟಿಗ್ರೇಷನ್ ಎಂದು ಬಾಯಿಗೆ ಬಂತು.

ಆ ಚಳಿಗಾಲದಲ್ಲಿ ಅಡಿಕೆ ಸುಲಿಯುವ ರಾತ್ರಿಗಳಲ್ಲೇ ನನ್ನ ಟ್ಯೂಷನ್. ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಿದ್ದರು. ಟೇಪ್ ರೆಕಾರ್ಡರ್‌ನಲ್ಲಿ 'ಜನುಮದ ಜೋಡಿ' ಕ್ಯಾಸೆಟ್. ನಾಗಾಭರಣ ನಿರ್ದೇಶನ, ವಿ. ಮನೋಹರ್ ಸಂಗೀತ. ಎಲ್.ಎನ್. ಶಾಸ್ತ್ರಿ ಹಾಡಿದ ಕೋಲುಮಂಡೆ ಜಂಗಮದೇವರ ಹಾಡು ಬಂದರೆ ಕತ್ತಿಯ ಮೇಲಿನ ಕೈಗಳೂ ಅದೇ ತಾಳಕ್ಕೆ ಓಡುತ್ತಿದ್ದವು. ಮಲೆ ಮಹದೇಶ್ವರನ ಹಾಡು ಅದು. ಮಹದೇಶ್ವರ ಬೆಟ್ಟ ಎಲ್ಲಿ, ನಮ್ಮ ಕತಗಾಲ ಎಲ್ಲಿ! ಆದರೂ ಆಯಿಗೆ ಪೂರ್ತಿ ಬಾಯಿಗೆ ಬಂದಿತ್ತು. ಅತ್ತಿಗೆ ಸುಲಿಯುತ್ತಲೇ ಒಂದು ಲೆಕ್ಕ ಹೇಳುವುದು, ನಾನು ಹಳೆ ಕ್ಯಾಲೆಂಡರಿನ ಹಿಂದೆ ಮಾಡುವುದು. ಅವರ ಉಪಾಯ ಸರಳ. ಇನ್ನೊಂದು ಸಲ ಡಿಫರೆನ್ಷಿಯೇಟ್ ಮಾಡಿದರೆ ಯಾವುದು ಸಣ್ಣದಾಗುತ್ತದೋ ಅದನ್ನು ಮೊದಲು ಹಿಡಿ. ಎಕ್ಸ್ ಒಂದಾಗುತ್ತದೆ, ಇ ಪವರ್ ಎಕ್ಸ್ ಹಾಗೇ ಇರುತ್ತದೆ. ಹಾಗಾದರೆ ಯಾವುದನ್ನು ಹಿಡೀತೆ? ಇಷ್ಟೇ. ಇದಕ್ಕಾಗಿ ವರ್ಷ ಕಳೆದಿದ್ದೆ.

ಅದೇ 1996ರದ್ದು 'ನಮ್ಮೂರ ಮಂದಾರ ಹೂವೆ'. ಸುನೀಲ್ ಕುಮಾರ್ ದೇಸಾಯಿ ನಿರ್ದೇಶನ, ಇಳಯರಾಜ ಸಂಗೀತ. ನಮ್ಮ ಪಕ್ಕದ ಯಾಣದಲ್ಲಿ ಚಿತ್ರೀಕರಣ ಆಗಿತ್ತು. ಯಾಣ ಎಂದರೆ ಕಾಡಿನೊಳಗೆ ಎದ್ದು ನಿಂತ ಎರಡು ದೊಡ್ಡ ಕಪ್ಪು ಬಂಡೆ, ಭೈರವೇಶ್ವರ ಶಿಖರ ಮತ್ತು ಮೋಹಿನಿ ಶಿಖರ. ಸೊಕ್ಕಿದ್ದವ ಯಾಣಕ್ಕೆ ಹೋಗ್ತಾನೆ, ರೊಕ್ಕಿದ್ದವ ಗೋಕರ್ಣಕ್ಕೆ ಹೋಗ್ತಾನೆ ಎಂದು ನಮ್ಮಲ್ಲಿ ಗಾದೆ. ಕಾಡುದಾರಿಯಲ್ಲಿ ನಡೆದೇ ಹೋಗಬೇಕಿದ್ದ ಕಾಲದ ಮಾತು. ಸಿನಿಮಾ ಬಂದ ಮೇಲೆ ಸೊಕ್ಕು ಬೇಡವಾಯಿತು. ಎಲ್ಲೆಲ್ಲಿಂದಲೋ ಜೀಪು, ವ್ಯಾನು ಬಂದು ಕತಗಾಲದಲ್ಲಿ ನಿಂತು ದಾರಿ ಕೇಳತೊಡಗಿದವು. ಕುಮಟಾದಲ್ಲಿ ಸಿನಿಮಾ ನೋಡಲು ಮನೆಮಂದಿಯೆಲ್ಲ ಹೋದೆವು. ಅಪ್ಪಯ್ಯನೇ ಟಿಕೆಟ್ ತೆಗೆಸಿದರು. ಯಾಣದ ಕಲ್ಲು ಪರದೆ ಮೇಲೆ ಬಂದಾಗ ಇಡೀ ಥಿಯೇಟರ್ ಕೂಗಿತು. ಪರೀಕ್ಷೆ ಇಟ್ಟುಕೊಂಡು ಸಿನಿಮಾ ನೋಡಿದ ಹುಡುಗ ಮರುವರ್ಷ ಗಣಿತ ಪಾಸಾದ. ಒಳ್ಳೆಯ ಮಾರ್ಕ್ಸೇ ಬಂತು.

ಇಂಜಿನಿಯರ್ ಆಗಲಿಲ್ಲ. ಬಿಎಸ್ಸಿ ಮಾಡಿ, ಈಗ ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ನೋಡುತ್ತೇನೆ. ಅಲ್ಲಿ ಇಂಟಿಗ್ರೇಷನ್ ಬೇಕಾಗುವುದಿಲ್ಲ. ಕೂಡಿಸುವುದು, ಕಳೆಯುವುದು, ಜಿಎಸ್‌ಟಿ.

ಈಗ ನಿಮ್ಮ ಪ್ರಶ್ನೆ. ಫೋನಾ, ಹಾಸ್ಟೆಲ್ಲಾ ಎಂಬುದನ್ನು ಬದಿಗಿಡಿ. ಹುಚ್ಚಿನಿಂದ ಓದು ಹಾಳಾಗುತ್ತಿದೆ ಎಂದು ನೀವು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ನಾನು ಒಪ್ಪುವುದಿಲ್ಲ. ಎಷ್ಟೋ ಸಲ ಓದು ಎಲ್ಲೋ ಸಿಕ್ಕಿಹಾಕಿಕೊಂಡ ಮೇಲೆ ಹುಚ್ಚು ಜಾಸ್ತಿಯಾಗುತ್ತದೆ. ಪುಸ್ತಕ ತೆಗೆದರೆ ಹೆದರಿಕೆ, ಫೋನ್ ತೆಗೆದರೆ ಖುಷಿ. ಯಾವುದನ್ನು ತೆಗೆಯುತ್ತಾನೆ ಹೇಳಿ? ಫೋನ್ ಬೇರೆ, ಆಗಿನ ಟಿವಿ ಬೇರೆ ಎನ್ನುತ್ತೀರಿ. ಸರಿ, ಅದು ರಾತ್ರಿಯಿಡೀ ಮುಗಿಯುವುದೇ ಇಲ್ಲ. ಮಲಗುವಾಗ ಫೋನ್ ಹೊರಗಿನ ಕೋಣೆಯಲ್ಲಿರಲಿ, ನಿಮ್ಮದೂ ಸೇರಿ. ಅದಕ್ಕಿಂತ ಜಾಸ್ತಿ ಪೊಲೀಸ್‌ಗಿರಿ ಬೇಡ. ಹಾಸ್ಟೆಲ್ಲಂತೂ ಬೇಡವೇ ಬೇಡ. ಅರ್ಥವಾಗದ ಪಾಠ ಹಾಸ್ಟೆಲ್ಲಿಗೆ ಹೋದರೆ ತಾನಾಗಿ ಅರ್ಥವಾಗುವುದಿಲ್ಲ.

ಒಂದು ಸಂಜೆ ಅವನ ಜೊತೆ ಮ್ಯಾಚ್ ನೋಡಿ. ಪೂರ್ತಿ ನೋಡಿ. ಮುಗಿದ ಮೇಲೆ ಪುಸ್ತಕ ತರಿಸಿ, ಯಾವ ಪಾಠದಿಂದ ತಪ್ಪಿತು ಎಂದು ತೋರಿಸಲು ಹೇಳಿ. ಮಾರ್ಕ್ಸಿನ ಮಾತು ಎತ್ತಬೇಡಿ. ಅವನು ತೋರಿಸದಿದ್ದರೆ ಪುಸ್ತಕವನ್ನು ನೀವೇ ನೋಡಿ. ಓದಿದ ಹಾಳೆ ಕೊಳೆಯಾಗಿರುತ್ತದೆ, ಎಲ್ಲಿಂದ ಹೊಸದಾಗಿ ಉಳಿದಿದೆಯೋ ಅಲ್ಲೇ ತಪ್ಪಿದ್ದು. ಆ ಜಾಗದಿಂದ ಹೇಳಿಕೊಡುವವರನ್ನು ಹುಡುಕಿ. ಊರಲ್ಲೇ ಬಿಎಸ್ಸಿ ಮಾಡಿ ಮನೆಯಲ್ಲಿರುವವರು ಒಬ್ಬರಾದರೂ ಇರುತ್ತಾರೆ.

ಒಂದು ವರ್ಷ ಹೋದರೆ ಮುಗಿಯಿತು ಎಂಬುದಂತೂ ನಮ್ಮ ಕಾಲಕ್ಕೇ ನಿಜವಾಗಿರಲಿಲ್ಲ. ಈಗ 2024ರಿಂದ ಪಿಯುಸಿಗೆ ಒಂದೇ ವರ್ಷದಲ್ಲಿ ಪರೀಕ್ಷೆ ಒಂದು, ಪರೀಕ್ಷೆ ಎರಡು ಎಂದು ಮತ್ತೆ ಮತ್ತೆ ಬರೆಯುವ ಅವಕಾಶ ಇದೆ. ಅವನಿಗೂ ಇದನ್ನು ಹೇಳಿ, ಪರೀಕ್ಷೆಗೆ ಮೊದಲೇ ಹೇಳಿ.

ಅವನು ತೋರಿಸುವ ಪಾಠ ಇಂಟಿಗ್ರೇಷನ್ನೇ ಆದರೆ ಕೆಳಗೆ ಬರೆಯಿರಿ. ಅತ್ತಿಗೆ ಈಗಲೂ ಊರ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾರೆ, ಅವರನ್ನು ಕೇಳಿ ಉತ್ತರಿಸುತ್ತೇನೆ. ಐಪಿಎಲ್ ಇರುವ ಸಂಜೆ ಮಾತ್ರ ಅವರು ಫೋನ್ ಎತ್ತುವುದಿಲ್ಲ.