ಓದುಗರ ಪ್ರಶ್ನೆ: ಪಫರ್ ಮೀನು ಗಾಜಿನ ಬಳಿಯೇ ಏಕೆ ಓಡಾಡುತ್ತಿದೆ?

ಪ್ರಶ್ನೆ: ನಮ್ಮ 40 ಲೀಟರ್ ತೊಟ್ಟಿಯಲ್ಲಿ ಆರು ಪೀ ಪಫರ್ ಮೀನುಗಳಿವೆ. ಕಾವೇರಿ ನೀರು ಬಾರದ ಕಾರಣ ಕಳೆದ ವಾರ ಟ್ಯಾಂಕರ್ ನೀರು ಹಾಕಿ ಅರ್ಧ ತೊಟ್ಟಿ ಬದಲಿಸಿದೆವು. ಅಂದಿನಿಂದ ಒಂದು ಮೀನು ಮಂಕಾಗಿ, ಗಾಜಿಗೆ ಅಂಟಿಕೊಂಡಂತೆ ಮೇಲೆ ಕೆಳಗೆ ಈಜುತ್ತಿದೆ. ತಿನ್ನುತ್ತಿಲ್ಲ. ಒಮ್ಮೆ ಉಬ್ಬಿಕೊಂಡಿತ್ತು. ಅಂಗಡಿಯವರು ನೀಲಿ ಔಷಧಿ ಹಾಕಲು ಹೇಳಿದ್ದಾರೆ. ಹಾಕಬಹುದೇ?
– ಓದುಗರು, ವಿಜಯನಗರ

ಉತ್ತರ: ಸದ್ಯಕ್ಕೆ ಬೇಡ. ನೀವು ಹೇಳಿರುವ ಲಕ್ಷಣಗಳು ರೋಗಕ್ಕಿಂತ ಹೆಚ್ಚಾಗಿ ಒತ್ತಡವನ್ನು ಸೂಚಿಸುತ್ತವೆ. ನೀಲಿ ಔಷಧಿಯೆಂದು ಮಾರುವ ಮಿಥಿಲಿನ್ ಬ್ಲೂ, ಫಿಲ್ಟರಿನಲ್ಲಿ ನೆಲೆಸಿ ಅಮೋನಿಯಾವನ್ನು ನಿವಾರಿಸುವ ಬ್ಯಾಕ್ಟೀರಿಯಾಗಳಿಗೇ ಹಾನಿ ಮಾಡಬಲ್ಲದು. ಜೊತೆಗೆ ಪಫರ್‌ಗಳಿಗೆ ಇತರ ಮೀನುಗಳಂತೆ ಹುರುಪೆಯ ರಕ್ಷಣೆ ಇಲ್ಲದಿರುವುದರಿಂದ, ತಾಮ್ರ ಬೆರೆತ ಔಷಧಿಗಳು ಅವಕ್ಕೆ ಬೇಗ ಅಪಾಯ ತರುತ್ತವೆ.

ಮೊದಲು ನೀರನ್ನು ಪರೀಕ್ಷಿಸಿ. ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ ಇರಬೇಕು. ನೈಟ್ರೇಟ್ 20 ಪಿಪಿಎಂ ದಾಟದಿದ್ದರೆ ಒಳ್ಳೆಯದು. ಟ್ಯಾಂಕರಿನಲ್ಲಿ ಬರುವ ಬೋರ್‌ವೆಲ್ ನೀರಿನ ಗಡಸುತನ ಮತ್ತು ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಕಾವೇರಿ ನೀರಿಗಿಂತ ಬೇರೆಯಾಗಿರಬಹುದು. ಪಿಎಚ್ ಒಮ್ಮೆಲೇ ಏರಿದರೆ, ತೊಟ್ಟಿಯಲ್ಲಿ ಹೆಚ್ಚು ತೊಂದರೆ ಕೊಡದೆ ಇದ್ದ ಅಮೋನಿಯಂ ವಿಷಕಾರಿ ಅಮೋನಿಯಾ ಆಗಿ ಮಾರ್ಪಡುತ್ತದೆ. ಹಾಗಾಗಿ ನೋಡಲು ತಿಳಿಯಾಗಿರುವ ನೀರಿನಲ್ಲೂ ಮೀನು ನರಳಬಹುದು. ಅರ್ಧ ತೊಟ್ಟಿಯನ್ನು ಒಂದೇ ಬಾರಿಗೆ ಬದಲಿಸುವ ಬದಲು, ಕೆಲವು ದಿನ ನಿತ್ಯ ಐದನೇ ಒಂದು ಭಾಗವನ್ನು ಅದೇ ಉಷ್ಣಾಂಶದ, ಕ್ಲೋರಿನ್ ನಿವಾರಕ ಬೆರೆಸಿದ ನೀರಿನಿಂದ ಬದಲಿಸಿ. ಅಪಾರ್ಟ್‌ಮೆಂಟಿನ ಸಂಪಿನಲ್ಲಿ ಎರಡೂ ನೀರು ಬೆರೆಯುವುದಾದರೆ ಪ್ರತಿ ಸಲವೂ ಪಿಎಚ್ ನೋಡಿಯೇ ಹಾಕಬೇಕು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹೀಟರ್ ಇಟ್ಟು ನೀರನ್ನು 24ರಿಂದ 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯ್ದುಕೊಳ್ಳಿ.

ನೀರು ಸರಿಯಿದ್ದೂ ಓಡಾಟ ನಿಲ್ಲದಿದ್ದರೆ, ಕಾರಣವನ್ನು ಜೊತೆಗಾರ ಮೀನುಗಳಲ್ಲಿ ಹುಡುಕಿ. ಬೆಳೆದ ಗಂಡಿನ ಹೊಟ್ಟೆಯ ಮೇಲೆ ಕಪ್ಪು ಗೆರೆಯೂ ಕಣ್ಣಿನ ಹಿಂದೆ ಸುಕ್ಕಿನಂಥ ರೇಖೆಗಳೂ ಕಾಣುತ್ತವೆ. ಗಂಡುಗಳು ಹೆಚ್ಚಿದ್ದರೆ ದುರ್ಬಲ ಮೀನಿಗೆ ನೆಮ್ಮದಿ ಇರದು. ಒಂದು ಗಂಡಿಗೆ ಎರಡು ಮೂರು ಹೆಣ್ಣುಗಳಿದ್ದರೆ ಕಾದಾಟ ಕಡಿಮೆ. ನನ್ನ ಅಭಿಪ್ರಾಯದಲ್ಲಿ ಆರಕ್ಕೆ 40 ಲೀಟರ್ ಇಕ್ಕಟ್ಟು. ದೊಡ್ಡ ತೊಟ್ಟಿ ಸಿಗುವವರೆಗೆ, ಒಂದು ಮೂಲೆಯಿಂದ ಇನ್ನೊಂದು ಮೂಲೆ ಕಾಣದಷ್ಟು ದಟ್ಟವಾಗಿ ಗಿಡ ನೆಡಿ. ತಿನ್ನದ ಮೀನಿಗೆ ಪುಟ್ಟ ಬಸವನಹುಳು ಅಥವಾ ಕರಗಿಸಿದ ಫ್ರೋಜನ್ ಬ್ಲಡ್‌ವರ್ಮ್ (ಕೆಂಪು ಹುಳು) ಕೊಟ್ಟು ನೋಡಿ. ಒಣ ಆಹಾರವನ್ನು ಈ ಮೀನುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಒಮ್ಮೆ ಉಬ್ಬಿದ್ದಕ್ಕೆ ಗಾಬರಿ ಬೇಡ. ಕೆಣಕದಿದ್ದರೂ ಅವು ಅಪರೂಪಕ್ಕೆ ಉಬ್ಬುತ್ತವೆ. ಪದೇ ಪದೇ ಉಬ್ಬಿದರೆ ಮಾತ್ರ ಅದು ಭಯದ ಗುರುತು. ವಿಡಿಯೊಗಾಗಿ ಮೀನನ್ನು ಕೆಣಕಿ ಉಬ್ಬಿಸುವುದು ಹಿಂಸೆಯಲ್ಲದೆ ಬೇರೇನಲ್ಲ. ಸ್ಥಳಾಂತರಿಸುವಾಗ ಬಲೆಯಲ್ಲಿ ಮೇಲೆತ್ತದೆ, ನೀರಿನೊಳಗೇ ಲೋಟದಲ್ಲಿ ಹಿಡಿಯಿರಿ. ಹೊರಗೆ ಗಾಳಿ ನುಂಗಿ ಉಬ್ಬಿದರೆ ಅದನ್ನು ಹೊರಹಾಕುವುದು ಮೀನಿಗೆ ಕಷ್ಟ.

ಕೇರಳ ಮತ್ತು ದಕ್ಷಿಣ ಕರ್ನಾಟಕದ ಸಿಹಿನೀರಿನ ಈ ಮೀನುಗಳಲ್ಲಿ ಮಾರುಕಟ್ಟೆಗೆ ಬರುವ ಬಹುಪಾಲು ಕಾಡು ಹೊಳೆಗಳಿಂದ ಹಿಡಿದವು. ಹೊಟ್ಟೆಯಲ್ಲಿ ಹುಳುವಿರುವುದು ಸಾಮಾನ್ಯ. ಮೀನು ತಿನ್ನುತ್ತಿದ್ದರೂ ಹೊಟ್ಟೆ ಒಳಸೇರಿ ಬಡಕಲಾದರೆ, ಆಗ ಮೀನುಗಳ ಚಿಕಿತ್ಸೆ ಬಲ್ಲ ಪಶುವೈದ್ಯರನ್ನು ಕಾಣಿ.

ಪ್ರಶ್ನೆ: ನಮ್ಮ ಹಸಿರು ಚುಕ್ಕೆಯ ಪಫರ್‌ನ ಬಿಳಿ ಹೊಟ್ಟೆ ಬೂದಿಬಣ್ಣಕ್ಕೆ ತಿರುಗಿದೆ. ಸಿಹಿನೀರಿನ ಮೀನೆಂದು ಕೊಟ್ಟಿದ್ದರು.
– ಓದುಗರು, ಜಯನಗರ

ಉತ್ತರ: ಇದು ಸುಮಾರು 15 ಸೆಂಟಿಮೀಟರ್‌ವರೆಗೆ ಬೆಳೆಯುವ, ಅಳಿವೆಯ ಉಪ್ಪುಮಿಶ್ರಿತ ನೀರಿಗೆ ಒಗ್ಗಿದ ಮೀನು. ಅಮೋನಿಯಾ ಇಲ್ಲವೆಂದು ಖಚಿತಪಡಿಸಿಕೊಂಡು, ಅಡುಗೆ ಉಪ್ಪಲ್ಲದ ಮರೈನ್ ಸಾಲ್ಟನ್ನು ಬೇರೆ ನೀರಿನಲ್ಲಿ ಕರಗಿಸಿ, ನೀರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ನೋಡುತ್ತ, ವಾರಗಳ ಅವಧಿಯಲ್ಲಿ ಸಾಪೇಕ್ಷ ಸಾಂದ್ರತೆಯನ್ನು 1.005ರವರೆಗೆ ಏರಿಸಿ. ಉಪ್ಪು ತಾಳದ ಗಿಡಗಳನ್ನು ಅದಕ್ಕೆ ಮೊದಲೇ ತೆಗೆಯಿರಿ.