ರಿಫ್ರೆಶ್ ಮಾಡಿದರೆ ಬುಟ್ಟಿ ಖಾಲಿ

ಪ್ರಶ್ನೆ: ಗಾಂಧಿ ಬಜಾರಿನಲ್ಲಿ ನಮ್ಮ ಮನೆಯವರು ನಡೆಸುವ ಹಪ್ಪಳ, ಸಂಡಿಗೆ, ಚಟ್ನಿಪುಡಿಗಳ ಅಂಗಡಿಗಾಗಿ ಪೈಥಾನ್‌ನ ಫ್ಲಾಸ್ಕ್ ಎಂಬ ವೆಬ್ ಫ್ರೇಮ್‌ವರ್ಕ್ ಬಳಸಿ ಚಿಕ್ಕದೊಂದು ವೆಬ್ ಅಪ್ಲಿಕೇಶನ್ ಬರೆದಿದ್ದೇನೆ. ಗ್ರಾಹಕರು ಆರಿಸಿದ್ದನ್ನೆಲ್ಲ ಒಂದು ಗ್ಲೋಬಲ್ ಲಿಸ್ಟ್‌ಗೆ ಸೇರಿಸುತ್ತೇನೆ. ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ನಡೆಯುತ್ತಿತ್ತು. ಬಾಡಿಗೆ ಸರ್ವರ್‌ಗೆ ಹಾಕಿ, ಗುನಿಕಾರ್ನ್ ಎಂಬ ವೆಬ್ ಸರ್ವರ್ ತಂತ್ರಾಂಶದಲ್ಲಿ ನಾಲ್ಕು ವರ್ಕರ್‌ಗಳನ್ನು ಓಡಿಸಿದಾಗಿನಿಂದ, ಬುಟ್ಟಿಯಲ್ಲಿದ್ದ ಪದಾರ್ಥಗಳು ರಿಫ್ರೆಶ್ ಮಾಡಿದರೆ ಮಾಯವಾಗುತ್ತವೆ, ಮತ್ತೆ ಮಾಡಿದರೆ ಬರುತ್ತವೆ. ಒಬ್ಬರ ಸಂಡಿಗೆ ಇನ್ನೊಬ್ಬರ ಬುಟ್ಟಿಯಲ್ಲಿ ಕಂಡದ್ದೂ ಉಂಟು. ತಪ್ಪು ಎಲ್ಲಿದೆ?
– ಓದುಗರೊಬ್ಬರು, ಬಸವನಗುಡಿ, ಬೆಂಗಳೂರು

ಉತ್ತರ: ತಪ್ಪು ಆ ಲಿಸ್ಟ್‌ನಲ್ಲಿಯೇ ಇದೆ. ನಾಲ್ಕು ವರ್ಕರ್‌ಗಳೆಂದರೆ ನಾಲ್ಕು ಬೇರೆ ಬೇರೆ ಪ್ರೊಸೆಸ್‌ಗಳು, ಅಂದರೆ ಪ್ರತ್ಯೇಕವಾಗಿ ಓಡುವ ನಿಮ್ಮ ಅಪ್ಲಿಕೇಶನ್‌ನ ನಾಲ್ಕು ಪ್ರತಿಗಳು. ಒಂದರ ಮೆಮೊರಿಯಲ್ಲಿರುವುದು ಇನ್ನೊಂದಕ್ಕೆ ಕಾಣುವುದಿಲ್ಲವಾದ್ದರಿಂದ, ಗ್ಲೋಬಲ್ ಎಂದು ನೀವು ನಂಬಿದ ಲಿಸ್ಟ್ ವಾಸ್ತವದಲ್ಲಿ ನಾಲ್ಕು ಲಿಸ್ಟ್‌ಗಳಾಗಿದೆ, ಮತ್ತು ಯಾವ ರಿಕ್ವೆಸ್ಟ್ ಯಾವ ವರ್ಕರ್‌ನ ಪಾಲಿಗೆ ಬರುವುದೆಂದು ಹೇಳಲಾಗದು. ಒಂದೇ ವರ್ಕರ್ ಇಟ್ಟುಕೊಂಡರೂ ಬುಟ್ಟಿಗಳು ಬೆರೆಯುವುದು ತಪ್ಪುವುದಿಲ್ಲ, ಏಕೆಂದರೆ ಆ ಲಿಸ್ಟ್‌ಗೆ ಗ್ರಾಹಕರ ಗುರುತೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಗ್ರಾಹಕರೂ ನೀವೊಬ್ಬರೇ, ಪ್ರೊಸೆಸ್ಸೂ ಒಂದೇ ಆಗಿದ್ದರಿಂದ ಇವೆರಡೂ ಮರೆಯಾಗಿದ್ದವು.

ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮಾವಳಿಯಾದ ಎಚ್‌ಟಿಟಿಪಿಗೆ ಹಿಂದಿನ ರಿಕ್ವೆಸ್ಟ್‌ನ ನೆನಪಿಲ್ಲ. ನಿಮ್ಮ ಬಡಾವಣೆಯ ಯಾವುದೇ ದರ್ಶಿನಿಯಲ್ಲಿ ದೋಸೆ ಕೌಂಟರಿನವರು ನಿಮ್ಮ ಮುಖ ನೋಡಿ ದೋಸೆ ಕೊಡುವುದಿಲ್ಲ, ಕ್ಯಾಶ್ ಕೌಂಟರಿನಲ್ಲಿ ಪಡೆದ ಚೀಟಿ ನೋಡಿ ಕೊಡುತ್ತಾರೆ. ವೆಬ್‌ನಲ್ಲಿ ಆ ಚೀಟಿಯೇ ಕುಕಿ: ಸರ್ವರ್ ಒಮ್ಮೆ ಬರೆದುಕೊಟ್ಟದ್ದನ್ನು ಬ್ರೌಸರ್ ಪ್ರತಿ ರಿಕ್ವೆಸ್ಟ್‌ನೊಡನೆ ಹಿಂದಿರುಗಿಸುತ್ತದೆ. 1994ರಲ್ಲಿ ನೆಟ್‌ಸ್ಕೇಪ್‌ನ ಲೂ ಮೊಂಟುಲ್ಲಿ ಇದನ್ನು ರೂಪಿಸಿದ್ದು ಕೂಡ ಆನ್‌ಲೈನ್ ಅಂಗಡಿಯೊಂದರ ಬುಟ್ಟಿಯ ಸಮಸ್ಯೆಯನ್ನು ಬಿಡಿಸಲಿಕ್ಕಾಗಿಯೇ.

ಆದ್ದರಿಂದ ಗ್ಲೋಬಲ್ ಲಿಸ್ಟ್ ಬಿಟ್ಟು ಫ್ಲಾಸ್ಕ್‌ನ ಸೆಷನ್ ಬಳಸಿ. ಅದು ಇಡೀ ಬುಟ್ಟಿಯನ್ನೇ ಕುಕಿಯೊಳಗೆ ಬರೆದು, ಗುಪ್ತ ಕೀಲಿಯಿಂದ ಸಹಿ ಹಾಕಿ ಕಳುಹಿಸುತ್ತದೆ. ಸಹಿ ಇರುವುದರಿಂದ ಗ್ರಾಹಕರು ಅದನ್ನು ತಿದ್ದಲಾರರು, ಆದರೆ ಓದಬಲ್ಲರು. ಆದ್ದರಿಂದ ಅದರಲ್ಲಿ ಗುಟ್ಟಿನ ಯಾವುದನ್ನೂ ಇಡಬಾರದು. ಕುಕಿಯ ಗಾತ್ರ ಸುಮಾರು 4096 ಬೈಟ್‌ಗಳನ್ನು ಮೀರಿದರೆ ಬ್ರೌಸರ್ ಅದನ್ನು ಉಳಿಸಿಕೊಳ್ಳದಿರಬಹುದಾದ್ದರಿಂದ, ಪದಾರ್ಥದ ಸಂಖ್ಯೆ ಮತ್ತು ಪ್ರಮಾಣವನ್ನಷ್ಟೇ ಇಡಿ, ಹೆಸರು ಮತ್ತು ಬೆಲೆಯನ್ನು ಸರ್ವರ್‌ನಲ್ಲಿಯೇ ನೋಡಿಕೊಳ್ಳಿ. ಬೆಲೆಯನ್ನು ಫಾರ್ಮಿನ ಹಿಡನ್ ಫೀಲ್ಡ್‌ನಲ್ಲಿ (ಪುಟದಲ್ಲಿ ಕಾಣದ ಖಾನೆಯಲ್ಲಿ) ಇಡುವ ಅಭ್ಯಾಸವಿದ್ದರೆ ಇಂದೇ ಬಿಡಿ. ಅಲ್ಲಿ ನಿಮ್ಮ ಚಟ್ನಿಪುಡಿಗೆ ಯಾರು ಬೇಕಾದರೂ ಒಂದು ರೂಪಾಯಿ ಬೆಲೆ ಕಟ್ಟಬಹುದು.

ಇಲ್ಲಿ ಎರಡು ಗುಂಡಿಗಳಿವೆ, ಬಹಳಷ್ಟು ಜನ ಬೀಳುವುದು ಇವುಗಳಲ್ಲಿಯೇ. ಅಪ್ಲಿಕೇಶನ್ ಆರಂಭವಾದಾಗಲೆಲ್ಲ ಹೊಸ ಕೀಲಿ ಹುಟ್ಟುವಂತೆ ಬರೆದರೆ, ಪ್ರತಿ ವರ್ಕರ್‌ಗೂ ಬೇರೆ ಕೀಲಿಯಾಗಿ, ಒಂದರ ಸಹಿಯನ್ನು ಇನ್ನೊಂದು ಒಪ್ಪದೆ, ನಿಮ್ಮ ಹಳೆಯ ರೋಗವೇ ಮರುಕಳಿಸುತ್ತದೆ. ಕೀಲಿಯನ್ನು ಒಮ್ಮೆ ತಯಾರಿಸಿ, ಕೋಡ್‌ನಲ್ಲಿ ಬರೆಯದೆ, ಸರ್ವರ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಡಿ. ಎರಡನೆಯದು ಇನ್ನೂ ಸೂಕ್ಷ್ಮ: ಸೆಷನ್‌ನೊಳಗಿನ ಲಿಸ್ಟ್‌ಗೆ ನೇರವಾಗಿ ಅಪೆಂಡ್ ಮಾಡಿದರೆ, ಅಂದರೆ ಕೊನೆಗೆ ಸೇರಿಸಿದರೆ, ಬದಲಾವಣೆ ಫ್ಲಾಸ್ಕ್‌ನ ಗಮನಕ್ಕೆ ಬರುವುದಿಲ್ಲ, ಕುಕಿಯೂ ಹೊಸದಾಗುವುದಿಲ್ಲ. ಹೊಸ ಲಿಸ್ಟ್ ಮಾಡಿ ಅದನ್ನು ಸೆಷನ್‌ಗೆ ಮತ್ತೆ ಒಪ್ಪಿಸಬೇಕು, ಇಲ್ಲವೇ ಸೆಷನ್‌ನ ಮಾಡಿಫೈಡ್ ಗುಣವನ್ನು ಟ್ರೂ ಎಂದು ಬರೆಯಬೇಕು.

ಇದೆಲ್ಲ ಇನ್ನೂ ಆರ್ಡರ್ ಆಗದ ಬುಟ್ಟಿಯ ಮಾತು. ಆರ್ಡರ್ ಖಚಿತವಾದ ಕ್ಷಣದಲ್ಲಿ ಅದು ಅಂಗಡಿಯ ಲೆಕ್ಕವಾಗುತ್ತದೆ, ಲೆಕ್ಕವಿರಬೇಕಾದ್ದು ಡೇಟಾಬೇಸ್‌ನಲ್ಲಿ. ಎಸ್‌ಕ್ಯೂಲೈಟ್ ನಿಮಗೆ ಧಾರಾಳವಾಗಿ ಸಾಕು. ಅದಕ್ಕೆ ಬೇಕಾದ ಮಾಡ್ಯೂಲ್ ಪೈಥಾನ್‌ನ ಜೊತೆಯಲ್ಲಿಯೇ ಬರುತ್ತದೆ, ಡೇಟಾಬೇಸ್ ಎಂದರೆ ಒಂದು ಫೈಲ್ ಅಷ್ಟೇ. ಅದರಲ್ಲಿ ಒಮ್ಮೆಗೆ ಒಬ್ಬರೇ ಬರೆಯಬಹುದೆಂಬ ಮಿತಿ ನಿಮ್ಮಷ್ಟು ವ್ಯಾಪಾರಕ್ಕೆ ತೊಡಕಾಗದು. ರೆಡಿಸ್ (ಮೆಮೊರಿಯಲ್ಲಿ ದತ್ತಾಂಶ ಇಡುವ ಪ್ರತ್ಯೇಕ ಸರ್ವರ್) ಹಾಕಿ ಎಂದು ಸ್ನೇಹಿತರು ಹೇಳಿಯಾರು, ಈಗಲೇ ಬೇಡ. ಆದರೆ ಪ್ರತಿ ಸಲ ಹೊಸ ಕೋಡ್ ಏರಿಸಿದಾಗ ಡಿಸ್ಕನ್ನು ಅಳಿಸಿಹಾಕುವ ಹೋಸ್ಟಿಂಗ್‌ಗಳಿವೆ. ನಿಮ್ಮದು ಅಂಥದ್ದಲ್ಲವೆಂದು ಮೊದಲು ವಿಚಾರಿಸಿಕೊಳ್ಳಿ.

ತಿದ್ದಿದ ಮೇಲೆ ಸರ್ವರ್‌ಗೆ ಏರಿಸುವ ಮುನ್ನ ಲ್ಯಾಪ್‌ಟಾಪಿನಲ್ಲಿಯೇ ನಾಲ್ಕು ವರ್ಕರ್‌ಗಳೊಂದಿಗೆ ನಡೆಸಿ. ಬ್ರೌಸರ್‌ನ ಒಂದು ಸಾಮಾನ್ಯ ವಿಂಡೋದಲ್ಲಿ ಹಪ್ಪಳವನ್ನೂ ಒಂದು ಪ್ರೈವೇಟ್ ವಿಂಡೋದಲ್ಲಿ ಸಂಡಿಗೆಯನ್ನೂ ಬುಟ್ಟಿಗೆ ಹಾಕಿ, ಹತ್ತಾರು ಸಲ ರಿಫ್ರೆಶ್ ಮಾಡಿ. ಆಮೇಲೆ ಗುನಿಕಾರ್ನ್ ಅನ್ನು ನಿಲ್ಲಿಸಿ, ಮತ್ತೆ ಆರಂಭಿಸಿ, ಎರಡೂ ಬುಟ್ಟಿಗಳು ಇದ್ದಂತೆಯೇ ಇವೆಯೇ ಎಂದು ನೋಡಿ.