ಪ್ರ: ಮಡಿಕೇರಿ ಮಳೆಗೆ ಭವಿಷ್ಯ ನೋಡುವ ಟ್ಯಾರೋ ಕಾರ್ಡ್ ಬಾಗಿವೆ, ಚಿನ್ನದಂಚಿನ ಕಟ್ಟು ಅಂಟಿದೆ. ಏನು ಮಾಡಲಿ?

ಕಾರ್ಡಿನ ಎರಡು ಮುಖಗಳೂ ತೇವವನ್ನು ಒಂದೇ ಸಮ ಹೀರುವುದಿಲ್ಲ, ಅದಕ್ಕೇ ಬಾಗುತ್ತವೆ. ದಯವಿಟ್ಟು ಒಲೆಯ ಹತ್ತಿರ ಇಡಬೇಡಿ. ಬೇಗ ಒಣಗಿದರೆ ಲೇಪ ಬಿರುಕು ಬಿಡುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ 50 ಗ್ರಾಂ ಸಿಲಿಕಾ ಜೆಲ್ (ತೇವ ಹೀರುವ ಹರಳು) ಜೊತೆ, ಮೇಲೆ ಸ್ವಲ್ಪ ಭಾರವಿಟ್ಟು, ಒಂದು ವಾರ ಬಿಡಿ. ಚಿಕ್ಕ ತೇವಮಾಪಕವೂ ಒಳಗಿರಲಿ: ಶೇ. 50ರ ಆಸುಪಾಸು ಸಾಕು, 35ಕ್ಕಿಂತ ಕೆಳಗಿಳಿದರೆ ಇನ್ನೊಂದು ಕಡೆಗೆ ಬಾಗುತ್ತವೆ. ಜೆಲ್‌ನ ಕಿತ್ತಳೆ ಹರಳು ಹಸಿರಾದರೆ ತೇವ ತುಂಬಿದೆ ಎಂದರ್ಥ, ಬದಲಿಸಿ.

ಅಂಟಿದ ಅಂಚನ್ನು ಮೇಲಕ್ಕೆ ಎಳೆದರೆ ಚಿನ್ನದ ಪದರ ಚೂರುಚೂರಾಗಿ ಏಳುತ್ತದೆ. ಎರಡೆರಡೇ ಕಾರ್ಡು ಹಿಡಿದು ಅಡ್ಡಕ್ಕೆ ಜಾರಿಸಿ. ಕಟ್ಟಿನ 78 ಕಾರ್ಡನ್ನೂ ಬಿಡಿಸಲು ಸಮಯ ಹಿಡಿಯುತ್ತದೆ, ಅವಸರ ಬೇಡ.

ಅಂದಹಾಗೆ, ನಿಮ್ಮದು 1909ರಲ್ಲಿ ಲಂಡನ್ನಿನ ರೈಡರ್ ಪ್ರಕಾಶನ ತಂದ ಕಟ್ಟಿನ ಚಿತ್ರಗಳಾದರೆ, ಬಿಡಿಸುವಾಗ ಕೆಳಮೂಲೆ ನೋಡಿ: ಅವನ್ನು ಬರೆದ ಕಲಾವಿದೆ ಪಮೇಲಾ ಕೋಲ್ಮನ್ ಸ್ಮಿತ್ ಅವರ ಹೆಣೆದ ಸಹಿ ಸಿಗುತ್ತದೆ.